ಉಕ್ಕಿನ ಹದ

ಇಂಗ್ಲಿಷಿನ ದೊಡ್ಡ ನಿಘಂಟುಗಳಲ್ಲಿ ‘ವೂಟ್ಸ್’ ಎಂಬ ವಿಲಕ್ಷಣವಾದ ಶಬ್ದವೊಂದು ಕಾಣಸಿಗುತ್ತದೆ. ಅದರ ರೂಪದಲ್ಲಾಗಲಿ ಉಚ್ಚಾರಣೆಯಲ್ಲಾಗಲಿ ಕನ್ನಡದ ಛಾಯೆ ಇರುವಂತೆ ತೋರುವುದಿಲ್ಲ. ಆದರೂ ಅದು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿದುದೆಂಬುದನ್ನು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ‘ವೂಕ್’ ಎಂದು ಯಾರೋ ಬರೆದಿದ್ದುದನ್ನು ಮತ್ತಾರೋ ತಪ್ಪಾಗಿ ಓದಿ, ಅಚ್ಚಿನಲ್ಲಿ ಅದು ‘ವೂಟ್ಸ್’ ಆಗಿ ನಿಂತುಬಿಟ್ಟಿತೆಂದು ಅವರ ಊಹೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು ಈ ದೇಶದ ಉಕ್ಕಿನ ಕೆಲವು ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಸರ್ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿಕೊಟ್ಟನು. ಜಾರ್ಜ್ ಪಿಯರ್ಸನ್ ಎಂಬ ರಸಾಯನಜ್ಞನು ಅವನ್ನು ಪರೀಕ್ಷಿಸಿ ೧೭೯೫ರಲ್ಲಿ ಸೊಸೈಟಿಯ ಮುಂದೆ ಒಂದು ಪ್ರಬಂಧವನ್ನು ಓದಿದನು. ಈ ಹೊಸ ಹೆಸರು ಲೋಕಕ್ಕೆ ಪರಿಚಯವಾದದ್ದು ಆ ಪ್ರಬಂಧದಿಂದ.

ಹೆಸರನ್ನು ತಪ್ಪಾಗಿ ಓದಿದರೆ ಅಷ್ಟೇನೂ ನಷ್ಟವಿಲ್ಲ. ಆದರೆ ಆ ವಸ್ತುವನ್ನು ಸರಿಯಾಗಿ ಓದುವುದಕ್ಕೆ ಯೂರೋಪಿನ ಮತ್ತು ಅಮೆರಿಕದ ವಿಜ್ಞಾನಿಗಳಿಗೆ ಸುಮಾರು ಇನ್ನೂರು ವರ್ಷಗಳು ಹಿಡಿದುವು. ಇತ್ತ, ಓದುಬರಹವಿಲ್ಲದೆಯೇ ಅದನ್ನು ತಯಾರಿಸುತ್ತಿದ್ದವರ ಮನೆಗಳಲ್ಲಿ ಅದೇ ಕಾಲಾವಧಿಯಲ್ಲಿ ಆ ವಿದ್ಯೆ ಪೂರ್ಣವಾಗಿ ನಶಿಸಿಹೋಯಿತು. ತಿಳಿದವರು ಮರೆತರು, ತಿಳಿಯದವರು ಕಲಿತರು. ಇದು ಹೇಗೆ ನಡೆಯಿತೆಂಬುದನ್ನು ವಿಚಾರಿಸಿ ನೋಡಿದರೆ, ಒಂದು ವಿದ್ಯೆಯು ಎಲ್ಲಿ ವಾಸವಾಗಿರುತ್ತದೆ, ಯಾವ ದಾರಿಯಿಂದ ಒಬ್ಬರಿಂದೊಬ್ಬರಿಗೆ ಸಾಗುತ್ತದೆ, ಯಾವಾಗ ಕೈತಪ್ಪುತ್ತದೆ ಎಂಬ ಪ್ರಶ್ನೆಗಳಿಗೆ ಒಂದಿಷ್ಟು ಬೆಳಕು ದೊರೆಯುತ್ತದೆ.

ಮೊದಲು ಉಕ್ಕೆಂದರೇನೆಂಬುದನ್ನು ತಿಳಿದುಕೊಳ್ಳೋಣ. ಅದಿರನ್ನು ಇದ್ದಲಿನೊಡನೆ ಕುಲುಮೆಯಲ್ಲಿ ಕಾಸಿ, ಕಿಟ್ಟವನ್ನು ಸುತ್ತಿಗೆಯ ಪೆಟ್ಟಿನಿಂದ ಹೊರದೂಡಿ ಪಡೆಯುವ ಮೆದುಕಬ್ಬಿಣದಲ್ಲಿ ಇಂಗಾಲವು ಇಲ್ಲವೆನ್ನುವಷ್ಟು ಕಡಮೆ. ಅದನ್ನು ಬಗ್ಗಿಸಬಹುದು, ಬಡಿಯಬಹುದು. ಆದರೆ ಅದರ ಅಲಗು ಬೇಗ ಮೊಂಡಾಗುತ್ತದೆ. ಬೀಡುಕಬ್ಬಿಣದಲ್ಲಿ ಇಂಗಾಲವು ನೂರಕ್ಕೆ ಮೂರು ನಾಲ್ಕು ಭಾಗಗಳಷ್ಟಿರುತ್ತದೆ. ಅದು ಬಲು ಗಡುಸು. ಆದರೆ ಪೆಟ್ಟು ಬಿದ್ದರೆ ಒಡೆದುಹೋಗುತ್ತದೆ. ಇವೆರಡರ ನಡುವಣ ಪದಾರ್ಥವೇ ಉಕ್ಕು. ನಮ್ಮ ಹಳೆಯ ಮೂಸೆಯುಕ್ಕಿನಲ್ಲಿ ಇಂಗಾಲವು ಸಾಮಾನ್ಯವಾಗಿ ನೂರಕ್ಕೆ ಒಂದೂವರೆ ಭಾಗದ ಆಸುಪಾಸಿನಲ್ಲಿತ್ತು. ಈಗ ಕಟ್ಟಡಗಳಿಗೆ ಬಳಸುವ ಸಾಧಾರಣ ಉಕ್ಕಿನಲ್ಲಿ ಇದರ ಐದರಲ್ಲೊಂದು ಪಾಲೂ ಇರುವುದಿಲ್ಲ.

ಶುದ್ಧವಾದ ಕಬ್ಬಿಣ ಕರಗಬೇಕಾದರೆ ೧೫೩೮ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ತಿದಿಯೂದುವ ಇದ್ದಲಿನ ಕುಲುಮೆಗೆ ಅಷ್ಟು ಶಾಖ ಎಟುಕುವುದು ಬಹಳ ಕಷ್ಟ. ಆದರೆ ಕಬ್ಬಿಣವು ಇಂಗಾಲವನ್ನು ಹೀರಿಕೊಂಡಷ್ಟೂ ಅದರ ಕರಗುವ ಉಷ್ಣತೆ ಕೆಳಗಿಳಿಯುತ್ತದೆ. ಆದುದರಿಂದ, ಗಾಳಿಯಾಡದಂತೆ ಮುಚ್ಚಿದ ಪಾತ್ರೆಯಲ್ಲಿ ಕಬ್ಬಿಣದ ತುಂಡನ್ನೂ ಇಂಗಾಲವನ್ನೀಯುವ ಸೌದೆಯನ್ನೂ ಒಟ್ಟಿಗೆ ಇಟ್ಟು ಬಿಸಿಮಾಡಿದರೆ, ಕಬ್ಬಿಣವು ಇಂಗಾಲವನ್ನು ಕುಡಿಯುತ್ತ ಕುಡಿಯುತ್ತ ತಾನೇ ಕರಗಲು ಮೊದಲಾಗುತ್ತದೆ. ಕರಗಿದ ಲೋಹದಲ್ಲಿ ಕಿಟ್ಟವು ಮೇಲೆ ತೇಲಿ ಬೇರೆಯಾಗುತ್ತದೆ. ಇಂಗಾಲವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಮೂಸೆಯುಕ್ಕಿನ ತತ್ತ್ವ ಇಷ್ಟೆ. ಈ ತತ್ತ್ವವನ್ನು ಹೀಗೆ ನಾಲ್ಕು ವಾಕ್ಯಗಳಲ್ಲಿ ಹೇಳಬಲ್ಲವರು ೧೮೦೦ರಲ್ಲಿ ಭೂಮಂಡಲದಲ್ಲೇ ವಿರಳವಾಗಿದ್ದರು. ಮಾಡಬಲ್ಲವರಾದರೋ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅನೇಕರಿದ್ದರು.

ಆ ವರ್ಷವೇ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚಾರಕ್ಕೆ ಹೊರಟನು. ಟೀಪುಸುಲ್ತಾನನು ಮಡಿದು ಒಂದು ವರ್ಷವಾಗಿತ್ತು. ಹೊಸದಾಗಿ ಕೈಗೆ ಬಂದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಯಾವ ಯಾವ ಕಸುಬುಗಳಿವೆ ಎಂಬುದನ್ನು ಕಂಪೆನಿ ಸರಕಾರಕ್ಕೆ ತಿಳಿಸುವುದು ಅವನ ಕೆಲಸ. ಬುಕನನ್ ಬಲು ಜಾಗರೂಕನಾದ ಮನುಷ್ಯ. ಕಂಡದ್ದನ್ನು ಕಂಡಂತೆಯೆ, ಅಳತೆ ತೂಕಗಳ ಸಮೇತ ಬರೆದಿಟ್ಟನು. ಅವನ ಪ್ರವಾಸಗ್ರಂಥವು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಮಾಗಡಿಯ ಸುತ್ತಣ ಪ್ರದೇಶದಲ್ಲಿ ಕಬ್ಬಿಣ ಮತ್ತು ಉಕ್ಕನ್ನು ತಯಾರಿಸುವ ಕ್ರಮವನ್ನು ಅವನು ಅದರಲ್ಲಿ ಸವಿಸ್ತಾರವಾಗಿ ವರ್ಣಿಸಿದ್ದಾನೆ.

ಸುಡದ ಜೇಡಿಮಣ್ಣಿನಿಂದ ಮಾಡಿದ ಮೊನಚು ತಳದ ಸಣ್ಣ ಮೂಸೆ. ಅದರೊಳಗೆ ಬೆಣೆಯಾಕಾರದ ಒಂದು ಮೆದುಕಬ್ಬಿಣದ ತುಂಡು. ಅದರ ಜೊತೆಗೆ ತಂಗಡಿ ಗಿಡದ ಕಾಂಡದ ಚೂರುಗಳನ್ನು ತೂಗಿ ಹಾಕುವರು. ಮೇಲೆ ಎರಡು ಹಸುರೆಲೆ. ಮೂಸೆಯ ಬಾಯಿಗೆ ಮಣ್ಣಿನ ಮುಚ್ಚಳವಿಟ್ಟು ಸಂದಿಲ್ಲದಂತೆ ಮೆತ್ತಿ, ಬೆಂಕಿಯ ಬಳಿ ಒಣಗಿಸಿ, ಅಂಥ ಹಲವು ಮೂಸೆಗಳನ್ನು ಗುಂಡಿಯ ಮೇಲೆ ಕಮಾನಿನಂತೆ ಜೋಡಿಸಿ, ಇದ್ದಲು ಸುರಿದು, ತಿದಿಗಳಿಂದ ಗಂಟೆಗಟ್ಟಲೆ ಊದುವರು. ಆರಿದ ಮೇಲೆ ಮೂಸೆಯನ್ನು ಒಡೆದರೆ ತಳದಲ್ಲಿ ಉಕ್ಕಿನ ಗಟ್ಟಿ. ಗಟ್ಟಿಯ ನೆತ್ತಿಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಗೆರೆಗಳು ಹೊರಟಿದ್ದರೆ ಕಬ್ಬಿಣ ಚೆನ್ನಾಗಿ ಕರಗಿದೆಯೆಂದು ಅರ್ಥ. ಬೆಣೆಯ ಆಕಾರ ಇನ್ನೂ ಗುರುತು ಸಿಗುವಂತಿದ್ದರೆ ಕರಗುವಿಕೆ ಅರ್ಧಕ್ಕೆ ನಿಂತಿದೆ. ಇಂತಹ ಉಕ್ಕು ಕಲ್ಲುಕುಟಿಗರ ಉಳಿಗೂ ಕತ್ತಿಗಳಿಗೂ ಹೋಗುತ್ತಿತ್ತು. ಚನ್ನಪಟ್ಟಣದಲ್ಲಿ ಉಕ್ಕಿನಿಂದ ಎಳೆದ ವಾದ್ಯದ ತಂತಿಗಳಿಗೆ ದೂರದೂರದಿಂದ ಬೇಡಿಕೆ ಇತ್ತೆಂಬುದನ್ನೂ ಬುಕನನ್ ಗುರುತಿಸಿದ್ದಾನೆ. ಅಂದಿನ ವೈಣಿಕರ ಬೆರಳ ಕೆಳಗೆ ನುಡಿದದ್ದು ಈ ಉಕ್ಕೇ ಇರಬಹುದೆಂದು ಭಾವಿಸಿದರೆ ಸಂತೋಷವಾಗುತ್ತದೆ.

ಇಷ್ಟು ಸ್ಪಷ್ಟವಾದ ವರ್ಣನೆ ಅಚ್ಚಿನಲ್ಲಿ ಬಂದಮೇಲೆ ಯಾರಾದರೂ ಅದನ್ನು ಓದಿ ಉಕ್ಕನ್ನು ತಯಾರಿಸಬಹುದಲ್ಲವೆ ಎಂದು ವಾಚಕರು ಕೇಳಬಹುದು. ತಯಾರಿಸಲಾಗಲಿಲ್ಲ ಎಂಬುದೇ ಇಲ್ಲಿಯ ಸ್ವಾರಸ್ಯ. ಬುಕನನ್ನನ ಪುಟಗಳಲ್ಲಿ ಸಾಮಗ್ರಿಗಳು ಇವೆ, ಕ್ರಮ ಇದೆ; ಹದ ಇಲ್ಲ. ‘ಹದ’ ಎಂಬುದು ಕನ್ನಡದ ಒಂದು ಅಮೂಲ್ಯವಾದ ಮಾತು. ಪಾಕಕ್ಕೂ ಹದವುಂಟು, ಬಿತ್ತನೆಗೂ ಹದವುಂಟು, ಕತ್ತಿಗೂ ಹದವುಂಟು. ಅದು ಅಳತೆಯಲ್ಲ, ಅಳತೆ ಕೈಬಿಟ್ಟ ಜಾಗದಲ್ಲಿ ಕಣ್ಣೂ ಕೈಯೂ ಮಾಡುವ ತೀರ್ಮಾನ. ಬೆಂಕಿಯ ಬಣ್ಣ ಎಷ್ಟು ಕೆಂಪಾದಾಗ ತಿದಿ ಬಿಗಿಯಾಗಬೇಕು, ಮಣ್ಣು ಎಷ್ಟು ನಾದಿದರೆ ಮೂಸೆ ಬಿರಿಯದು, ಯಾವ ಗುಡ್ಡದ ಅದಿರು ಉಕ್ಕಿಗಾಗುತ್ತದೆ, ಯಾವುದು ನೇಗಿಲಿಗೆ ಮಾತ್ರ ಸಾಕು ಎಂಬುದನ್ನೆಲ್ಲ ತಿದಿಯೂದುತ್ತ ಕುಳಿತ ಹುಡುಗ ವರ್ಷಗಟ್ಟಲೆ ನೋಡಿ ಕಲಿಯಬೇಕು. ತಂದೆ ಇದನ್ನು ಮಗನಿಗೆ ಬಾಯಿಮಾತಿನಲ್ಲಿ ಪಾಠ ಹೇಳಿದ್ದಿರಲಾರದು. ಹೇಳಲು ಕುಳಿತರೆ ಅವನಿಗೂ ಶಬ್ದಗಳು ಒದಗುತ್ತಿರಲಿಲ್ಲ.

ಗಟ್ಟಿ ಸಿದ್ಧವಾದ ಮೇಲೂ ಹದದ ಪ್ರಶ್ನೆ ಮುಗಿಯದು. ಯೂರೋಪಿನ ಕಮ್ಮಾರರು ತಮ್ಮ ಕಬ್ಬಿಣವನ್ನು ಬೆಳ್ಳಗೆ ಕಾಸಿ ಬಡಿಯುವುದು ವಾಡಿಕೆ. ಈ ಉಕ್ಕನ್ನು ಹಾಗೆ ಕಾಸಿದರೆ ಸುತ್ತಿಗೆ ತಗುಲಿದೊಡನೆ ಅದು ಪುಡಿಪುಡಿಯಾಗುತ್ತದೆ. ಇಂಗಾಲ ಹೆಚ್ಚಿರುವುದರಿಂದ ಅಷ್ಟು ಶಾಖದಲ್ಲಿ ಅದರೊಳಗಣ ಕೆಲಭಾಗ ಕರಗಲು ತೊಡಗಿರುತ್ತದೆ. ಕೆಂಪು ಬಣ್ಣ ಮೀರದಂತೆ ಕಾಸಿ, ತಾಳ್ಮೆಯಿಂದ ಮತ್ತೆ ಮತ್ತೆ ಬಡಿಯಬೇಕು. ಪರ್ಷಿಯಾ ಮತ್ತು ಸಿರಿಯಾ ದೇಶಗಳ ಶಸ್ತ್ರಕಾರರಿಗೆ ಈ ಕೆಲಸ ಕರಗತವಾಗಿತ್ತು. ಅವರು ತಯಾರಿಸಿದ ಅಲಗುಗಳನ್ನು ಆಮ್ಲದಿಂದ ಉಜ್ಜಿದರೆ, ನೀರಿನ ಅಲೆಗಳನ್ನು ಹೋಲುವ ನವುರಾದ ಚಿತ್ರ ಮೇಲೇಳುತ್ತಿತ್ತು. ಯೂರೋಪಿನವರು ಅವನ್ನು ಡಮಾಸ್ಕಸ್ ಕತ್ತಿಗಳೆಂದು ಕರೆದರು. ಕತ್ತಿಯ ಕಚ್ಚಾವಸ್ತು ಹಡಗೇರಿ ಹೋಗುತ್ತಿದ್ದುದು ದಕ್ಷಿಣ ಭಾರತದಿಂದ. ಹೀಗೆ ಒಂದೇ ಕತ್ತಿಯ ವಿದ್ಯೆ ಎರಡು ದೇಶಗಳಲ್ಲಿ ಹಂಚಿಹೋಗಿತ್ತು. ಗಟ್ಟಿ ಮಾಡುವವನಿಗೆ ಕತ್ತಿಯ ಚಿತ್ರ ಗೊತ್ತಿಲ್ಲ; ಕತ್ತಿ ಮಾಡುವವನಿಗೆ ಮೂಸೆಯ ಗುಟ್ಟು ಗೊತ್ತಿಲ್ಲ. ೧೮೨೦ರ ದಶಕಕ್ಕೂ ಮೊದಲಿನಿಂದ ಹೈದರಾಬಾದು ಸಂಸ್ಥಾನದ ಕೋನಸಮುದ್ರಂ ಎಂಬ ಊರಿಗೆ ಪರ್ಷಿಯಾದ ವರ್ತಕರು ಉಕ್ಕು ಕೊಳ್ಳಲು ಬರುತ್ತಿದ್ದರು. ಅಲ್ಲಿಗೆ ಹೋಗಿದ್ದ ಹೆನ್ರಿ ವಾಯ್ಸಿ ಎಂಬ ಭೂವಿಜ್ಞಾನಿಗೆ, ತಮ್ಮ ದೇಶದವರು ಈ ಕ್ರಮವನ್ನು ಅನುಕರಿಸಲು ಯತ್ನಿಸಿ ಸೋತರೆಂದು ಆ ವರ್ತಕರಲ್ಲೊಬ್ಬನು ಹೇಳಿದನಂತೆ. ಅವರ ಕಣ್ಣೆದುರೇ ಕೆಲಸ ನಡೆಯುತ್ತಿತ್ತೆಂಬುದನ್ನು ಗಮನಿಸಬೇಕು. ಬಾಗಿಲು ಹಾಕದೆಯೂ ಗುಟ್ಟು ಗುಟ್ಟಾಗಿಯೇ ಉಳಿಯಬಲ್ಲದು!

ಇನ್ನು ಪ್ರಯೋಗಶಾಲೆಯ ಕಡೆಗೆ ಬರೋಣ. ಪಿಯರ್ಸನ್ನನು ತನ್ನ ಪರೀಕ್ಷೆಗಳಿಂದ, ಈ ಉಕ್ಕನ್ನು ನೇರವಾಗಿ ಅದಿರಿನಿಂದಲೇ ಮಾಡಿರಬೇಕೆಂದೂ ಇದರಲ್ಲಿ ಕಬ್ಬಿಣದ ಭಸ್ಮವು ಬೆರೆತಿರಬೇಕೆಂದೂ ನಿರ್ಣಯಿಸಿದನು. ಎರಡೂ ತಪ್ಪು. ಹತ್ತು ವರ್ಷಗಳ ಬಳಿಕ ಡೇವಿಡ್ ಮಷೆಟ್ಟನು, ಸಾಮಾನ್ಯ ಎರಕದುಕ್ಕಿಗಿಂತ ಇದರಲ್ಲಿ ಇಂಗಾಲ ಹೆಚ್ಚೆಂದು ಹೇಳಿ ಸತ್ಯದ ಸಮೀಪಕ್ಕೆ ಬಂದನು. ಆಮೇಲೆ ಈ ಕೆಲಸಕ್ಕೆ ಕೈಹಾಕಿದವನು ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಸಂಶೋಧನೆಗಳಿಂದ ಜಗದ್ವಿಖ್ಯಾತನಾದ ಈ ಮಹನೀಯನು ಒಬ್ಬ ಕಮ್ಮಾರನ ಮಗನೆಂಬುದು ಎಲ್ಲರ ನೆನಪಿನಲ್ಲಿರುವುದಿಲ್ಲ. ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕನೊಡನೆ ಸೇರಿ ಅವನು ೧೮೧೯ರಿಂದ ನಾಲ್ಕೈದು ವರ್ಷ ನಮ್ಮ ಉಕ್ಕನ್ನು ಶೋಧಿಸಿದನು. ಅದರಲ್ಲಿ ಅಲ್ಯೂಮಿನಿಯಂ ಮತ್ತು ಸಿಲಿಕಾನುಗಳ ಅಂಶ ಕಂಡುಬಂದಂತಾಗಿ, ಉಕ್ಕಿನ ಶ್ರೇಷ್ಠತೆಗೆ ಅವೇ ಕಾರಣವಿರಬೇಕೆಂದು ಎಣಿಸಿದನು. ಆ ಎಣಿಕೆಯೂ ನಿಲ್ಲಲಿಲ್ಲ. ಆದರೆ, ಬೇರೆ ಧಾತುಗಳನ್ನು ಬೆರಸಿದರೆ ಉಕ್ಕಿನ ಗುಣ ಬದಲಾಗುವುದೆಂಬ ಯೋಚನೆ ಅವನನ್ನು ಹಿಡಿದುಕೊಂಡಿತು. ನಿಕ್ಕಲ್, ಬೆಳ್ಳಿ, ಪ್ಲಾಟಿನಂ, ರೋಡಿಯಂ ಇವನ್ನೆಲ್ಲ ಸೇರಿಸಿ ಅವನು ಉಕ್ಕುಗಳನ್ನು ಎರಕ ಹೊಯ್ದನು. ಆ ಮಾದರಿಗಳು ಒಂದು ಪೆಟ್ಟಿಗೆಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಮಲಗಿದ್ದುವು. ಸರ್ ರಾಬರ್ಟ್ ಹ್ಯಾಡ್‌ಫೀಲ್ಡನು ಅವುಗಳಲ್ಲಿ ೭೯ನ್ನು ಪರಿಶೀಲಿಸಿ, ೧೯೩೧ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಇಂದಿನ ಮಿಶ್ರಲೋಹದುಕ್ಕುಗಳ ವಂಶವೃಕ್ಷದಲ್ಲಿ ಬೇರಿನ ಒಂದು ಕವಲು ಹೀಗೆ ನಮ್ಮ ಮೂಸೆಗೆ ಬಂದು ತಲುಪುತ್ತದೆ.

ಪ್ಯಾರಿಸ್ಸಿನ ಟಂಕಸಾಲೆಯ ಬ್ರೆಯಾನ್ ಎಂಬಾತನು ಮುನ್ನೂರರಷ್ಟು ಪ್ರಯೋಗಗಳನ್ನು ನಡೆಸಿ, ೧೮೨೩ರ ವೇಳೆಗೆ ಇಂಗಾಲವೇ ಮುಖ್ಯವೆಂದು ಸಾರಿದನು. ಉರಲ್ ಪರ್ವತದ ಜ್ಲಾಟೌಸ್ಟ್ ಎಂಬ ಊರಿನಲ್ಲಿ ಪಾವೆಲ್ ಅನೊಸೋವ್ ಎಂಬ ರಷ್ಯದ ಗಣಿ ಎಂಜಿನಿಯರನು ಹಲವು ವರ್ಷ ಹೆಣಗಿ, ಅಲೆಯ ಚಿತ್ರವುಳ್ಳ ಅಲಗುಗಳನ್ನು ತಯಾರಿಸಿಯೇ ಬಿಟ್ಟನು. ೧೮೪೧ರಲ್ಲಿ ಆ ಕುರಿತು ಗ್ರಂಥವನ್ನೂ ಬರೆದನು. ಉಕ್ಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೊದಲಿಗರಲ್ಲಿ ಅವನೂ ಒಬ್ಬನು.

ಇವರೆಲ್ಲ ತಾವು ಕಂಡದ್ದನ್ನು, ತಪ್ಪಾದದ್ದನ್ನು ಸಹ, ಬರೆದು ಪ್ರಕಟಿಸಿದರೆಂಬುದು ಗಮನಾರ್ಹವಾದ ಸಂಗತಿ. ಫ್ಯಾರಡೆಯ ತಪ್ಪನ್ನು ಇನ್ನೊಬ್ಬನು ತಿದ್ದಲು ಸಾಧ್ಯವಾದದ್ದು ಅದು ಕಾಗದದ ಮೇಲಿದ್ದುದರಿಂದ. ಆದರೆ ಪಾಶ್ಚಾತ್ಯರೆಲ್ಲರೂ ವಿದ್ಯೆಯನ್ನು ಬಯಲಿಗಿಟ್ಟರು, ನಮ್ಮವರು ಬಚ್ಚಿಟ್ಟರು ಎಂದು ಹೇಳುವುದು ಪೂರ್ಣ ಸತ್ಯವಾಗದು. ೧೭೪೦ರ ಸುಮಾರಿನಲ್ಲಿ ಇಂಗ್ಲೆಂಡಿನ ಷೆಫೀಲ್ಡಿನ ಬಳಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕುಶಲಕರ್ಮಿಯು ಮೂಸೆಯಲ್ಲಿ ಉಕ್ಕನ್ನು ಕರಗಿಸುವ ಕ್ರಮವನ್ನು ತಾನಾಗಿ ಕಂಡುಹಿಡಿದನು. ಅವನು ಅದಕ್ಕೆ ಪೇಟೆಂಟನ್ನು ಪಡೆಯದೆ ಬರಿಯ ಗೋಪ್ಯತೆಯನ್ನೇ ನಂಬಿದನು. ಚಳಿಗಾಲದ ಒಂದು ರಾತ್ರಿ ಪ್ರತಿಸ್ಪರ್ಧಿಯೊಬ್ಬನು ಭಿಕ್ಷುಕನ ವೇಷದಲ್ಲಿ ಬಂದು, ನಡುಗುತ್ತ ಕುಲುಮೆಯ ಬಳಿ ಆಶ್ರಯ ಬೇಡಿ, ನಿದ್ರಿಸುವಂತೆ ನಟಿಸುತ್ತ ಗುಟ್ಟನ್ನು ಅಪಹರಿಸಿದನೆಂಬ ದಂತಕಥೆ ಅಲ್ಲಿ ಪ್ರಸಿದ್ಧವಾಗಿದೆ. ಕಥೆ ನಿಜವೋ ಅಲ್ಲವೋ, ಗುಟ್ಟಂತೂ ಬಹುಕಾಲ ನಿಲ್ಲಲಿಲ್ಲ.

ಪೇಟೆಂಟಿನ ಮಾರ್ಗ ಬೇರೆ. ಅದು ಸಂಶೋಧಕನಿಗೂ ರಾಜ್ಯಕ್ಕೂ ನಡುವೆ ಆಗುವ ಒಂದು ಒಪ್ಪಂದ: ನಿನಗೆ ತಿಳಿದುದನ್ನು ಬಚ್ಚಿಡದೆ ಎಲ್ಲರೆದುರು ಬರೆದುಕೊಡು, ಅದಕ್ಕೆ ಪ್ರತಿಫಲವಾಗಿ ಇಂತಿಷ್ಟು ವರ್ಷ ಅದರ ಏಕಸ್ವಾಮ್ಯ ನಿನ್ನದು. ನಮ್ಮ ದೇಶದಲ್ಲಿ ಈಗ ಆ ಅವಧಿ ೨೦ ವರ್ಷ. ಆದರೆ ಪೇಟೆಂಟನ್ನು ಕೊಡಬೇಕಾದರೆ ಆ ವಿದ್ಯೆ ಹೊಸದಾಗಿರಬೇಕು. ಇಲ್ಲಿಯೇ ತೊಡಕು. ಮಷೆಟ್ಟನು ೧೮೦೦ರಲ್ಲಿ, ಮೆದುಕಬ್ಬಿಣವನ್ನು ಇಂಗಾಲ ಪದಾರ್ಥದೊಡನೆ ಮೂಸೆಯಲ್ಲಿ ಕರಗಿಸಿ ಉಕ್ಕು ಮಾಡುವ ಕ್ರಮಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟನ್ನು ಪಡೆದನು. ತಮಿಳುನಾಡಿನ ಪೋರ್ಟೋನೋವೋದಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಿದ್ದ ಜೊಸೈಯ ಹೀತನು ೧೮೩೯ರಲ್ಲಿ, ಹಿಂದೂ ದೇಶದ ಕಮ್ಮಾರರ ಕ್ರಮದಲ್ಲಿ ಈ ತತ್ತ್ವವು ಅನಾದಿಯಿಂದ ಅಡಗಿದೆಯೆಂದು ತೋರಿಸಿಕೊಟ್ಟನು. ಆದರೆ ಮಾಗಡಿಯ ಕಮ್ಮಾರನು ಲಂಡನ್ನಿನ ಕಚೇರಿಗೆ ಹೋಗಿ ತಕರಾರು ಹೂಡುವುದುಂಟೆ?

ಈ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ. ಗಾಯಕ್ಕೆ ಅರಿಸಿನವನ್ನು ಹಚ್ಚುವ ಕ್ರಮಕ್ಕೆ ೧೯೯೫ರಲ್ಲಿ ಅಮೆರಿಕದಲ್ಲಿ ಪೇಟೆಂಟೊಂದು ದೊರೆಯಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿಯು ಆಕ್ಷೇಪಿಸಿದ ಮೇಲೆ ೧೯೯೭ರಲ್ಲಿ ಅದು ರದ್ದಾಯಿತು. ಅಲ್ಲಿ ಗೆದ್ದದ್ದು ನಮ್ಮ ಅಜ್ಜಿಯರ ವಾಡಿಕೆಯಲ್ಲ, ಅಚ್ಚಾಗಿದ್ದ ಬರಹ. ಈ ಅನುಭವದ ಫಲವಾಗಿ ೨೦೦೧ರಲ್ಲಿ, ಆಯುರ್ವೇದ ಮೊದಲಾದ ಪದ್ಧತಿಗಳ ಯೋಗಗಳನ್ನು ಹಲವು ಭಾಷೆಗಳಲ್ಲಿ ದಾಖಲಿಸುವ ಸಾಂಪ್ರದಾಯಿಕ ಜ್ಞಾನದ ಗ್ರಂಥಭಂಡಾರವನ್ನು ಭಾರತ ಸರಕಾರವು ಆರಂಭಿಸಿತು. ಗ್ರಂಥಸ್ಥವಾದ ವೈದ್ಯಕ್ಕೆ ಅದು ರಕ್ಷೆ. ಬರಹಕ್ಕೇ ಇಳಿಯದ ಕಸುಬುಗಳ ಮಾತು ಬೇರೆ.

ಮೂಸೆಯುಕ್ಕು ಹತ್ತೊಂಬತ್ತನೆಯ ಶತಮಾನದಲ್ಲಿ ಮೆಲ್ಲಮೆಲ್ಲನೆ ಅಳಿಯಿತು. ವಿಲಾಯತಿಯ ಅಗ್ಗದ ಕಬ್ಬಿಣ ಬಂದರುಗಳಿಗೆ ಬಂದಿಳಿಯಿತು. ೧೮೫೬ರಲ್ಲಿ ಬೆಸ್ಸೆಮರನ ಕ್ರಮ ಹೊರಟ ಮೇಲಂತೂ ಉಕ್ಕು ಟನ್ನುಗಟ್ಟಲೆ ತಯಾರಾಗತೊಡಗಿತು. ಅರಣ್ಯದ ಕಾನೂನುಗಳು ಬಂದು ಇದ್ದಲಿಗೆ ಮರ ಕಡಿಯುವುದು ಕಷ್ಟವಾಯಿತು. ಕತ್ತಿಗಳನ್ನು ಕೊಳ್ಳುವ ಪಾಳೆಯಗಾರರೂ ರಾಜರೂ ಇಲ್ಲವಾದರು. ಮಗನು ತಿದಿಯ ಮುಂದೆ ಕುಳಿತುಕೊಳ್ಳದೆ ಕೂಲಿಗೆ ಹೋದ ದಿನವೇ ಆ ಮನೆಯಲ್ಲಿ ವಿದ್ಯೆ ಮುಗಿಯಿತು. ಗ್ರಂಥವಾದರೆ ನೂರು ವರ್ಷ ಯಾರೂ ಓದದಿದ್ದರೂ ಕಪಾಟಿನಲ್ಲಿ ಕಾಯುತ್ತಿರುತ್ತದೆ. ಕೈಯ ವಿದ್ಯೆಗೆ ಒಂದು ತಲೆಮಾರಿನ ವಿರಾಮವೂ ಸಲ್ಲದು. ಸಿಂಹಳದಲ್ಲಿ ಖನಿಜ ಸಮೀಕ್ಷೆಯ ನಿರ್ದೇಶಕರಾಗಿದ್ದ ಆನಂದ ಕುಮಾರಸ್ವಾಮಿಯವರು, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಕೆಲಸ ಬಲ್ಲ ಕೊನೆಯ ಕೆಲವರಿಂದ ಅಲ್ಲಿಯ ಕ್ರಮವನ್ನು ಕೇಳಿ ನೋಡಿ ಬರೆದುಕೊಂಡರು. ನಮ್ಮಲ್ಲಿ ಅಂತಹ ಭಾಗ್ಯವೂ ಎಲ್ಲೆಡೆ ಒದಗಲಿಲ್ಲ.

ಅಳಿವಿಗೆ ಮತ್ತೊಂದು ಕಾರಣವೂ ಇದ್ದಿರಬಹುದೆಂಬುದು ಇತ್ತೀಚಿನ ಸಂಶೋಧನೆಯಿಂದ ಹೊರಬಿದ್ದಿದೆ. ಇದು ನಿಜಕ್ಕೂ ಆಶ್ಚರ್ಯಕರವಾದುದು. ಅಮೆರಿಕದ ಐಯೋವ ಸ್ಟೇಟ್ ವಿಶ್ವವಿದ್ಯಾನಿಲಯದ ಲೋಹವಿಜ್ಞಾನಿ ಜಾನ್ ವೆರ್‌ಹೂವೆನ್ ಅವರೂ ಆಲ್‌ಫ್ರೆಡ್ ಪೆಂಡ್ರೆ ಎಂಬ ಕಮ್ಮಾರರೂ ಜೊತೆಗೂಡಿ ಹಳೆಯ ಅಲಗುಗಳ ಚಿತ್ರವನ್ನು ಮರಳಿ ಮೂಡಿಸಲು ವರ್ಷಗಟ್ಟಲೆ ಶ್ರಮಿಸಿದರು. ಒಬ್ಬರದು ಸೂಕ್ಷ್ಮದರ್ಶಕ, ಇನ್ನೊಬ್ಬರದು ಸುತ್ತಿಗೆ. ೧೯೯೩ರಲ್ಲಿ ತಮ್ಮ ಕ್ರಮಕ್ಕೆ ಪೇಟೆಂಟನ್ನೂ ಪಡೆದರು. ಅದರ ಅವಧಿ ಈಗ ಮುಗಿದಿದೆ. ಇಂಗಾಲದ ಪ್ರಮಾಣ ಸರಿಯಾಗಿದ್ದು, ಬಡಿಯುವ ಕ್ರಮವೂ ಸರಿಯಾಗಿದ್ದರೂ ಕೆಲವು ಗಟ್ಟಿಗಳಲ್ಲಿ ಚಿತ್ರ ಮೂಡುತ್ತಿತ್ತು, ಕೆಲವುಗಳಲ್ಲಿ ಮೂಡುತ್ತಿರಲಿಲ್ಲ. ಕೊನೆಗೆ ೧೯೯೮ರಲ್ಲಿ ಅವರು ಪ್ರಕಟಿಸಿದ ಕಾರಣವಿದು: ಕಬ್ಬಿಣದಲ್ಲಿ ವನೇಡಿಯಂ ಎಂಬ ಧಾತುವಿನ ಲೇಶಾಂಶವಿರಬೇಕು. ಲಕ್ಷಕ್ಕೆ ನಾಲ್ಕು ಭಾಗಗಳಷ್ಟಿದ್ದರೂ ಸಾಕು. ಕರಗಿದ ಉಕ್ಕು ಹೆಪ್ಪುಗಟ್ಟುವಾಗ ಲೋಹವು ಜರೀಗಿಡದ ಎಲೆಗಳಂತೆ ಕವಲೊಡೆದು ಬೆಳೆಯುತ್ತದೆ. ವನೇಡಿಯಂ ಪರಮಾಣುಗಳು ಆ ಕವಲುಗಳ ಸಂದಿಗಳಲ್ಲಿ ಕೂಡಿಕೊಳ್ಳುತ್ತವೆ. ಮತ್ತೆ ಮತ್ತೆ ಕಾಸಿ ಬಡಿದಾಗ, ಕಬ್ಬಿಣವೂ ಇಂಗಾಲವೂ ಕೂಡಿದ ಗಡುಸಾದ ಕಣಗಳು ಆ ಸಾಲುಗಳಲ್ಲೇ ಬೆಳೆದು ಪಟ್ಟೆಗಳಾಗುತ್ತವೆ. ಅಲೆಯ ಚಿತ್ರವೆಂದರೆ ಈ ಪಟ್ಟೆಗಳೇ.

ವನೇಡಿಯಂ ಎಂಬ ಧಾತು ಲೋಕಕ್ಕೆ ತಿಳಿದುಬಂದದ್ದೇ ಹತ್ತೊಂಬತ್ತನೆಯ ಶತಮಾನದಲ್ಲಿ. ಡೆಲ್ ರಿಯೋ ೧೮೦೧ರಲ್ಲಿ ಅದನ್ನು ಕಂಡು, ಅನಂತರ ಅನುಮಾನಗೊಂಡು ಕೈಬಿಟ್ಟನು. ೧೮೩೦ರಲ್ಲಿ ಸೆಫ್‌ಸ್ಟ್ರೋಮನು ಅದನ್ನು ಮತ್ತೆ ಕಂಡನು. ಆ ವೇಳೆಗೆ ಕತ್ತಿಗಳ ಕಾಲ ಕಳೆಯುತ್ತ ಬಂದಿತ್ತು. ಆದುದರಿಂದ ಯಾವ ಕಮ್ಮಾರನಿಗೂ ಅದರ ಹೆಸರು ಸಹ ಗೊತ್ತಿರಲಿಲ್ಲ. ಒಂದು ಗುಡ್ಡದ ಅದಿರು ಒಳ್ಳೆಯದೆಂದು ಮಾತ್ರ ಅವನು ಬಲ್ಲನು. ಆ ಗುಡ್ಡದ ಅದಿರು ತೀರಿ ಪಕ್ಕದ ಗುಡ್ಡದಿಂದ ತಂದಾಗ, ಅಜ್ಜನಿಂದ ಬಂದ ಕ್ರಮವನ್ನು ಎಳ್ಳಷ್ಟೂ ತಪ್ಪದೆ ಅನುಸರಿಸಿದರೂ ಗಟ್ಟಿಯು ಮೊದಲಿನಂತಿರಲಾರದು. ದೂರದ ಪರ್ಷಿಯಾದಲ್ಲಿ ಶಸ್ತ್ರಕಾರನು ಎಷ್ಟು ಬಡಿದರೂ ಚಿತ್ರ ಏಳದು. ತನ್ನ ಕೈ ಕೆಟ್ಟಿತೆಂದು ಅವನು ಬಗೆದಿರಬೇಕು, ಪಾಪ! ಈ ವಾದವನ್ನು ಎಲ್ಲರೂ ಪೂರ್ಣವಾಗಿ ಅಂಗೀಕರಿಸಿಲ್ಲ. ಮಾರುಕಟ್ಟೆಯ ಕಾರಣವೇ ಬಲವಾದುದೆಂಬುವರೂ ಇದ್ದಾರೆ. ನಮಗೂ ಮಾರುಕಟ್ಟೆಯೇ ಮೊದಲ ಕಾರಣವೆಂದು ತೋರುತ್ತದೆ. ಆದರೂ, ಕಾರಣವನ್ನರಿಯದ ವಿದ್ಯೆ ಎಷ್ಟು ಪಕ್ವವಾಗಿದ್ದರೂ, ಅದು ನಿಂತ ನೆಲ ಸರಿದರೆ ತನ್ನನ್ನು ತಾನು ತಿದ್ದಿಕೊಳ್ಳಲಾರದೆಂಬ ಮಾತು ಇದರಿಂದ ಚೆನ್ನಾಗಿ ಮನದಟ್ಟಾಗುತ್ತದೆ.

೨೦೦೬ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಸಂಶೋಧಕರು ಹದಿನೇಳನೆಯ ಶತಮಾನದ ಒಂದು ಕತ್ತಿಯ ಚೂರಿನಲ್ಲಿ ಇಂಗಾಲದ ನ್ಯಾನೋನಳಿಗೆಗಳನ್ನು ಕಂಡುದಾಗಿ ವರದಿಮಾಡಿದರು. ಅವುಗಳ ಪಾತ್ರವೇನೆಂಬುದರ ಚರ್ಚೆ ಅಲ್ಲಿಗೆ ಮುಗಿಯಲಿಲ್ಲ. ಇತ್ತ ನಮ್ಮ ದೇಶದಲ್ಲಿ, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು ದಕ್ಷಿಣ ಭಾರತದ ಹಳೆಯ ಕುಲುಮೆಯ ನೆಲೆಗಳನ್ನು ಹುಡುಕಿ ಪರೀಕ್ಷಿಸುತ್ತ ಬಂದಿದ್ದಾರೆ. ೨೦೧೦ರಲ್ಲಿ ಆ ಸಂಸ್ಥೆಯೂ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾನಿಲಯವೂ ಕೂಡಿ ತೆಲಂಗಾಣದ ಉತ್ತರಭಾಗದಲ್ಲಿ ಸಮೀಕ್ಷೆ ನಡೆಸಿದುವು. ಅಲ್ಲಿಯ ಹಳ್ಳಿಗಳ ಅಂಚಿನಲ್ಲಿ ಕಿಟ್ಟದ ದಿಬ್ಬಗಳೂ ಒಡೆದ ಮೂಸೆಗಳ ಚೂರುಗಳೂ ಇನ್ನೂ ಬಿದ್ದಿವೆ. ಆ ಭಾಗದ ಮೂಸೆಗಳ ಚೂರುಗಳನ್ನು ಕೊಯ್ದು ನೋಡಿದರೆ ಜೇಡಿಯೊಳಗೆ ಕರಕಲಾದ ಬತ್ತದ ಹೊಟ್ಟು ಎಣೆದುಕೊಂಡಿರುವುದು ಕಾಣುತ್ತದೆ. ಮಣ್ಣಿಗೆ ಹೊಟ್ಟನ್ನು ಯಥೇಚ್ಛವಾಗಿ ಬೆರಸಿ ಮೂಸೆ ಮಾಡುತ್ತಿದ್ದರು. ಕಾದಾಗ ಹೊಟ್ಟಿನ ಸಿಲಿಕವೂ ಇಂಗಾಲವೂ ಮೂಸೆಯ ಗೋಡೆಯಲ್ಲೇ ಉಳಿದು, ತೆಳ್ಳಗಿದ್ದರೂ ಅದು ದೀರ್ಘಕಾಲ ಶಾಖವನ್ನು ತಡೆದು ನಿಲ್ಲುವಂತೆ ಮಾಡುತ್ತಿದ್ದುವು.